ಕಾಲಿನ ಗಾಯ, ಮನೆಗೆ ಬರುವ ಸಿಸ್ಟರ್ ಮತ್ತು ಆಯುಷ್ಮಾನ್ ಕಾರ್ಡು

ಪ್ರಶ್ನೆ: ನಾವು ಹೊನ್ನಾವರ ತಾಲೂಕಿನ ಶರಾವತಿ ದಂಡೆಯ ಹಳ್ಳಿಯವರು. ನನ್ನ ಹೆಂಡತಿಗೆ 63 ವರ್ಷ, ಹದಿನಾಲ್ಕು ವರ್ಷಗಳಿಂದ ಶುಗರ್ ಇದೆ. ಕಳೆದ ಮಳೆಗಾಲದಲ್ಲಿ ಬಲಗಾಲಿನ ಕಿರುಬೆರಳಿಗೆ ಹುಣ್ಣಾಗಿ, ಪಕ್ಕದ ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ಬಿಪಿಎಲ್ ಲೆಕ್ಕದ ಆಯುಷ್ಮಾನ್ ಕಾರ್ಡಿನ ಮೇಲೆ ಆಪರೇಷನ್ ಮಾಡಿ ಬೆರಳು ತೆಗೆದರು. ಅದಕ್ಕೆ ನಮ್ಮಿಂದ ಹಣ ತೆಗೆದುಕೊಳ್ಳಲಿಲ್ಲ. ಆಮೇಲೆ ಆರನೇ ದಿನ ಮತ್ತು ಹನ್ನೆರಡನೇ ದಿನ ತೋರಿಸಲು ಹೋದಾಗ ಮಾತ್ರ ಡ್ರೆಸ್ಸಿಂಗಿಗೂ ಔಷಧಕ್ಕೂ ದುಡ್ಡು ಕಟ್ಟಿಸಿಕೊಂಡರು. ಮನೆಯಲ್ಲಿ ನಿವೃತ್ತ ನರ್ಸ್ ಒಬ್ಬರು ದಿನ ಬಿಟ್ಟು ದಿನ ಬಂದು ಡ್ರೆಸ್ಸಿಂಗ್ ಮಾಡಿದರು. ಸಲಕ್ಕೆ 300 ರೂಪಾಯಿಯಂತೆ 34 ಸಲ, ಒಟ್ಟು 10,200 ರೂಪಾಯಿ. ಇದು ಕಾರ್ಡಿನಿಂದ ವಾಪಸ್ ಸಿಗುತ್ತದೆಯೇ? ಕೆನಡಾದ ಒಂಟಾರಿಯೊದಲ್ಲಿರುವ ಮಗಳು, ಅಲ್ಲಿ ಅವಳನ್ನು ನೋಡುವುದು ಡಾಕ್ಟರಲ್ಲ, 'ನರ್ಸ್ ಪ್ರಾಕ್ಟಿಷನರ್' ಎನ್ನುತ್ತಾಳೆ. 2026ರ ಏಪ್ರಿಲ್‌ನಿಂದ ಅಂಥವರ ಸೇವೆಗೆ ಸರಕಾರದ ವಿಮೆಯೇ ದುಡ್ಡು ಕೊಡಬೇಕೆಂದು ಆದೇಶವಾಗಿದೆಯಂತೆ. ನಮ್ಮಲ್ಲಿ ಯಾಕಿಲ್ಲ? ಉಪಕೇಂದ್ರದ ಸಿಸ್ಟರ್ ಕೂಡ ಅದೇ ಅಲ್ಲವೇ?

ಉತ್ತರ: ಆ 10,200 ರೂಪಾಯಿ ಕಾರ್ಡಿನಿಂದ ಬರುವುದಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ನೀವು ಚೀಟಿಗಳನ್ನೆಲ್ಲ ಕಟ್ಟಿಕೊಂಡು ಕಾರವಾರಕ್ಕೂ ಹೊನ್ನಾವರಕ್ಕೂ ಬಸ್ಸಿನಲ್ಲಿ ತಿರುಗಿ ಇನ್ನೊಂದು ಸಾವಿರ ಕಳೆದುಕೊಳ್ಳುತ್ತೀರಿ. ಆದರೆ ಆರನೇ ಮತ್ತು ಹನ್ನೆರಡನೇ ದಿನ ಆಸ್ಪತ್ರೆಯವರು ಕಟ್ಟಿಸಿಕೊಂಡ ಹಣದ ಕತೆ ಬೇರೆ. ಅದನ್ನು ಕೇಳುವ ಹಕ್ಕು ನಿಮಗಿದೆ. ಮನೆಯಲ್ಲಿ ಆದ ಡ್ರೆಸ್ಸಿಂಗಿನಲ್ಲೂ ಹೆಚ್ಚಿನದು ನಿಮ್ಮೂರ ಉಪಕೇಂದ್ರದಲ್ಲಿ ಪುಕ್ಕಟೆಯಾಗಿಯೇ ಆಗಬಹುದಿತ್ತು. ಇದನ್ನು ಡಿಸ್ಚಾರ್ಜ್ ದಿನ ನಿಮಗೆ ಯಾರೂ ಹೇಳಲಿಲ್ಲವಲ್ಲ ಎಂಬುದೇ ನನಗೆ ಬೇಸರ.

ಕಾರ್ಡು ಹೇಗೆ ಕೆಲಸ ಮಾಡುತ್ತದೆ ಎಂಬಲ್ಲೇ ಗೊಂದಲವಿದೆ. ರಾಜ್ಯದ 'ಆರೋಗ್ಯ ಕರ್ನಾಟಕ' 2018ರ ಮಾರ್ಚ್‌ನಲ್ಲಿ ಶುರುವಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ 30ರಂದು ಎರಡನ್ನೂ ಕೂಡಿಸಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ರಾಜ್ಯದಲ್ಲಿ ಇದನ್ನು ನಡೆಸುವುದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. 5 ಲಕ್ಷ ಎಂದ ಕೂಡಲೇ ಜನ ಅದನ್ನು ಬ್ಯಾಂಕ್ ಖಾತೆಯಂತೆ ತಿಳಿಯುತ್ತಾರೆ, ಖರ್ಚಾದದ್ದನ್ನು ತೋರಿಸಿದರೆ ಅಲ್ಲಿಂದ ತೆಗೆದುಕೊಡುತ್ತಾರೆ ಅಂತ. ಹಾಗಲ್ಲ. ಇಂಥ ಕಾಯಿಲೆಗೆ ಇಂಥ ಪ್ಯಾಕೇಜ್, ಅದಕ್ಕೆ ಇಷ್ಟು ದರ ಎಂದು ಪಟ್ಟಿ ಇದೆ. ಪಟ್ಟಿಯಲ್ಲಿರುವ ಚಿಕಿತ್ಸೆಯನ್ನು ನೋಂದಾಯಿತ ಆಸ್ಪತ್ರೆ ಮಾಡಿದರೆ, ದುಡ್ಡು ನೇರವಾಗಿ ಆ ಆಸ್ಪತ್ರೆಗೆ ಹೋಗುತ್ತದೆ. ರೋಗಿಯ ಕೈಗೆ ಒಂದು ಪೈಸೆಯೂ ಬರುವುದಿಲ್ಲ, ರೋಗಿ ಕೊಡಬೇಕಾದದ್ದೂ ಇಲ್ಲ. ನಿಮ್ಮ ಮನೆಯವರ ಬೆರಳು ತೆಗೆದದ್ದು ಅಂಥ ಒಂದು ಪ್ಯಾಕೇಜ್.

ಆ ಪ್ಯಾಕೇಜಿನೊಳಗೆ ಹಾಸಿಗೆ, ಊಟ, ಆಪರೇಷನ್, ಔಷಧಗಳ ಜೊತೆ ನರ್ಸಿಂಗೂ ಸೇರಿದೆ. ಅಂದರೆ ಸರಕಾರದ ವಿಮೆ ನರ್ಸಿಗೆ ದುಡ್ಡು ಕೊಡುವುದೇ ಇಲ್ಲ ಎಂದಲ್ಲ. ರೋಗಿ ಹಾಸಿಗೆಯ ಮೇಲೆ ಇರುವಷ್ಟು ಹೊತ್ತು ಕೊಡುತ್ತದೆ, ಎದ್ದು ಮನೆಗೆ ಹೊರಟರೆ ನಿಲ್ಲಿಸುತ್ತದೆ. ಅದೇ ಗಾಯ, ಅದೇ ಕಟ್ಟುವ ಬಟ್ಟೆ, ಅದೇ ಸಲೈನ್. ಗಾಯದ ಜಾಗ ಬದಲಾಯಿತು ಅಷ್ಟೇ. (ಕಾರ್ಡಿನ ಕೇಸಿನಲ್ಲಿ ಒಳರೋಗಿಯಾಗಿದ್ದಾಗ 'ನರ್ಸಿಂಗ್ ಚಾರ್ಜ್' ಎಂದು ಬೇರೆ ಬಿಲ್ ಕೊಟ್ಟರೆ ಯಾರೂ ಕಟ್ಟಬೇಡಿ.)

ಈಗ ಆ ಎರಡು ದಿನಗಳ ಹಣ. ಆಯುಷ್ಮಾನ್ ಭಾರತ್ ನಿಯಮದಲ್ಲಿ ದಾಖಲಾಗುವ ಮುಂಚಿನ 3 ದಿನ ಮತ್ತು ಬಿಡುಗಡೆಯಾದ ನಂತರದ 15 ದಿನಗಳ ತಪಾಸಣೆ, ಔಷಧಗಳೂ ಪ್ಯಾಕೇಜಿಗೆ ಸೇರುತ್ತವೆ. ಆರನೇ ದಿನ, ಹನ್ನೆರಡನೇ ದಿನ ಎರಡೂ ಈ 15ರ ಒಳಗೇ ಬಂದವು. ಡಿಸ್ಚಾರ್ಜ್ ಸಮರಿ ಮತ್ತು ಆ ಎರಡು ದಿನದ ರಸೀದಿ ಹಿಡಿದು ಆ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಕಾರ್ಡು ಹಿಡಿದು ಹೋದ ದಿನ ನಿಮ್ಮ ಫೋಟೊ ತೆಗೆದು ಹೆಬ್ಬೆಟ್ಟು ಒತ್ತಿಸಿಕೊಂಡವರು ಅವರೇ. ಅಲ್ಲಿ ಕೆಲಸ ಆಗದಿದ್ದರೆ 14555ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ. ರಸೀದಿಯ ಮೇಲೆ ಆಸ್ಪತ್ರೆಯ ಹೆಸರು ಅಚ್ಚಾಗಿರಬೇಕು. ಬಿಳಿ ಚೀಟಿಯಲ್ಲಿ ಪೆನ್ನಿನಲ್ಲಿ ಬರೆದುಕೊಟ್ಟಿದ್ದರೆ ವಾದ ಮಾಡುವುದು ಕಷ್ಟ.

ಮನೆಗೆ ಬಂದ ನರ್ಸಮ್ಮನ ಹಣಕ್ಕೆ ಈ ದಾರಿಯೂ ಇಲ್ಲ. ಕಾರ್ಡಿನ ವ್ಯವಸ್ಥೆಯಲ್ಲಿ ಬಿಲ್ ಕಳಿಸಬಲ್ಲದ್ದು ಆಸ್ಪತ್ರೆ ಮಾತ್ರ. ಸಾಮಾನ್ಯವಾಗಿ ಕನಿಷ್ಠ 10 ಹಾಸಿಗೆಯಾದರೂ ಇರಬೇಕು. ಒಬ್ಬ ನರ್ಸ್, ಎಷ್ಟೇ ಅನುಭವಸ್ಥರಾಗಲಿ, ಆ ಕಂಪ್ಯೂಟರಿನ ಕಣ್ಣಿಗೆ ಇಲ್ಲವೇ ಇಲ್ಲ. ನನ್ನ ತಕರಾರು ಇರುವುದು ಇಲ್ಲಿಯೇ. ಬೆರಳು ಕತ್ತರಿಸುವುದಕ್ಕೆ ಪಟ್ಟಿಯಲ್ಲಿ ದರ ಇದೆ, ಪಾದ ಕತ್ತರಿಸುವುದಕ್ಕೂ ಇದೆ. ಉಳಿದ ನಾಲ್ಕು ಬೆರಳನ್ನು ಉಳಿಸಿಕೊಟ್ಟ ಆ 34 ಡ್ರೆಸ್ಸಿಂಗಿಗೆ ಇಲ್ಲ. ಶುಗರಿನ ಗಾಯ ಒಂದೆರಡು ವಾರದಲ್ಲಿ ಮಾಯುವುದಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದು ಗೊತ್ತಿದ್ದೂ 15 ದಿನಕ್ಕೆ ಗೆರೆ ಎಳೆದದ್ದು ಲೆಕ್ಕ ಬರೆಯುವವರ ಅನುಕೂಲಕ್ಕೆ ಹೊರತು ಗಾಯದ ಅನುಕೂಲಕ್ಕಲ್ಲ.

ಹಾಗೆಂದು ಸರಕಾರ ಮನೆಮಟ್ಟದ ನರ್ಸಿಂಗ್ ಬಗ್ಗೆ ಏನೂ ಯೋಚಿಸಿಲ್ಲ ಎನ್ನುವಂತಿಲ್ಲ. ಯೋಚಿಸಿದ್ದು ಬೇರೆ ಕೊಠಡಿಯಲ್ಲಿ. ಆಯುಷ್ಮಾನ್ ಭಾರತಕ್ಕೆ ಎರಡು ಕಾಲು. ಒಂದು ಕಾರ್ಡು, ಇನ್ನೊಂದು ಉಪಕೇಂದ್ರ. ಕಾರ್ಡಿನ ಜಾಹೀರಾತು ಊರೆಲ್ಲ ಇದೆ, ಉಪಕೇಂದ್ರದ್ದು ಅದರ ಬೋರ್ಡಿನ ಮೇಲೆ ಮಾತ್ರ. ಬಯಲಿನಲ್ಲಿ 5,000 ಜನಕ್ಕೆ, ನಮ್ಮಂಥ ಗುಡ್ಡಗಾಡಿನಲ್ಲಿ 3,000 ಜನಕ್ಕೆ ಒಂದು ಉಪಕೇಂದ್ರ ಎಂದು ಲೆಕ್ಕ. 2018ರಿಂದ ಇವುಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಎಂದು ಮೇಲ್ದರ್ಜೆಗೇರಿಸುತ್ತ ಬಂದರು, ಈಗ ಆಯುಷ್ಮಾನ್ ಆರೋಗ್ಯ ಮಂದಿರ ಎಂದು ಹೆಸರು. ಅಲ್ಲಿ ಕೂರುವವರು ಸಮುದಾಯ ಆರೋಗ್ಯ ಅಧಿಕಾರಿ, ಜನರ ಬಾಯಲ್ಲಿ 'ಸಿಎಚ್‌ಒ ಸಿಸ್ಟರ್'. ನರ್ಸಿಂಗ್ ಓದಿದ ಮೇಲೆ ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ತರಬೇತಿ ಪಡೆದವರು. ಕೇಂದ್ರದ ಪಟ್ಟಿಯ ಪ್ರಕಾರ ಅಲ್ಲಿ 105 ಬಗೆಯ ಔಷಧ, 14 ಬಗೆಯ ತಪಾಸಣೆ ಇರಬೇಕು. ಎಲ್ಲ ಇರುತ್ತದೆಯೇ? ಇರುವುದಿಲ್ಲ. ಮಾತ್ರೆ ಮುಗಿದು 'ಮುಂದಿನ ವಾರ ಬನ್ನಿ' ಎನ್ನುವ ದಿನಗಳಿವೆ. ಆದರೆ ಡ್ರೆಸ್ಸಿಂಗ್ ಸಾಮಗ್ರಿ, ಬಿಪಿ ನೋಡುವುದು, ಶುಗರ್ ನೋಡುವುದು ಇಷ್ಟಕ್ಕೆ ತೊಂದರೆಯಾಗಬಾರದು.

ನಾನು ವೈದ್ಯನಾಗಿ ಕೆಲಸದಲ್ಲಿದ್ದ ಕೊನೆಯ ವರ್ಷ ಅಂಕೋಲಾ ಕಡೆಯ ಒಂದು ಉಪಕೇಂದ್ರಕ್ಕೆ ಹೇಳದೆ ಕೇಳದೆ ಹೋಗಿದ್ದೆ. ಬಾಗಲಕೋಟೆ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷ. ನಮ್ಮ ಜಿಲ್ಲೆಯ ಎಷ್ಟೋ ಉಪಕೇಂದ್ರಗಳು ನಡೆಯುತ್ತಿರುವುದೇ ಘಟ್ಟದ ಆಚೆಯಿಂದ ಬಂದ ಈ ಮಕ್ಕಳಿಂದ. ಎದುರಿಗೆ ಬುಟ್ಟಿ ಹೊತ್ತು ಮೀನು ಮಾರುವ ಅಜ್ಜಿ. ಬಿಪಿ ಮಾತ್ರೆಗೆ ಬಂದಿದ್ದರು. ಹುಡುಗಿ ಮಾತ್ರೆ ಕೊಡುವ ಮುಂಚೆ ನೆಲದ ಮೇಲೆ ಕೂತು ಅಜ್ಜಿಯ ಎರಡೂ ಪಾದ ತನ್ನ ಮುಂದಕ್ಕೆ ಎಳೆದುಕೊಂಡಳು. "ಕಣ್ಣ ಮುಚ್ಚರಿ ಅಜ್ಜಿ, ಯಾವ ಬೆರಳ ಮುಟ್ಟೇನಿ ಹೇಳ್ರಿ." ಹೆಬ್ಬೆರಳು, ನಡುವಿನ ಬೆರಳು, ಕಿರುಬೆರಳು ಒಂದೊಂದನ್ನೂ ತುದಿಬೆರಳಿನಿಂದ ಒಂದೆರಡು ಕ್ಷಣ ಹಗುರವಾಗಿ ಮುಟ್ಟಿದಳು, ಒತ್ತಲಿಲ್ಲ. ಎಡಗಾಲಿನ ಮೂರಕ್ಕೂ ಅಜ್ಜಿ ಸರಿಯಾಗಿ ಹೇಳಿದರು. ಬಲಗಾಲಿಗೆ ಬಂದಾಗ ಸುಮ್ಮನಾದರು. ಸ್ವಲ್ಪ ಹೊತ್ತು ಕಾದು, "ಮುಟ್ಟೇ ಮಾರಾಯ್ತಿ, ಎಷ್ಟೊತ್ತು ಕಣ್ಣ್ ಮುಚ್ಕಂಡಿರೂದು" ಎಂದರು. ಹುಡುಗಿ ಆಗಲೇ ಮೂರೂ ಬೆರಳು ಮುಟ್ಟಿ ಮುಗಿಸಿದ್ದಳು. ಪಾದ ತಿರುಗಿಸಿ ನೋಡಿದರೆ ಕಿರುಬೆರಳಿನ ಕೆಳಗೆ ಒಂದು ಸಣ್ಣ ಸೀಳು, ಒಳಗೆ ಚಿಪ್ಪಿಯ ಚೂರು. ಯಾವಾಗ ಹೊಕ್ಕಿತ್ತೋ ಅಜ್ಜಿಗೆ ಗೊತ್ತೇ ಇರಲಿಲ್ಲ.

ಆ ಆರು ಬೆರಳಿನಲ್ಲಿ ಎರಡು ಅಥವಾ ಹೆಚ್ಚು ತಿಳಿಯದೆ ಹೋದರೆ ಪಾದದ ನರ ಸತ್ತಿದೆ, ಆ ಕಾಲಿಗೆ ಗಾಯದ ಅಪಾಯವಿದೆ ಎಂದು ಅರ್ಥ. ಯಂತ್ರ ಬೇಡ, ದುಡ್ಡು ಬೇಡ. ಅಜ್ಜಿಗೆ ಅಂದೇ ಶುಗರ್ ನೋಡಿದರು. ಇತ್ತು. ನಾನು ಎಂಬಿಬಿಎಸ್ ಮಾಡಿದವನು, ಓಪಿಡಿಯಲ್ಲಿ ಕೂತು ಸಾವಿರಾರು ಶುಗರ್ ಚೀಟಿ ಬರೆದಿದ್ದೇನೆ. ಚಪ್ಪಲಿ ತೆಗೆಸಿ ಪಾದ ನೋಡಿದ್ದು ಎಷ್ಟು ಸಲ ಎಂದು ಕೇಳಿದರೆ ಉತ್ತರ ಹೇಳಲು ನಾಚಿಕೆಯಾಗುತ್ತದೆ.

ಹಾಗಾದರೆ ಈ ಸಿಸ್ಟರೇ ನಿಮ್ಮ ಮಗಳು ಹೇಳುವ ನರ್ಸ್ ಪ್ರಾಕ್ಟಿಷನರ್ ಅಲ್ಲವೇ? ಕೆಲಸದಲ್ಲಿ ಹತ್ತಿರ, ಅಧಿಕಾರದಲ್ಲಿ ದೂರ. ಒಂಟಾರಿಯೊದ ನರ್ಸ್ ಪ್ರಾಕ್ಟಿಷನರ್ ರೋಗ ಪತ್ತೆ ಮಾಡಿ, ತಾನೇ ಔಷಧ ಬರೆದು, ತಾನೇ ಸ್ಕ್ಯಾನಿಂಗಿಗೆ ಕಳಿಸಬಹುದು. ನಮ್ಮಲ್ಲಿ ಚೀಟಿ ಬೇಕಾದ ಔಷಧವನ್ನು ಬರೆಯಬೇಕಾದವರು ನೋಂದಾಯಿತ ವೈದ್ಯರು. ಸಿಎಚ್‌ಒ ಮಾಡಬಹುದಾದದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ್ ಒಮ್ಮೆ ಶುರುಮಾಡಿದ ಬಿಪಿ, ಶುಗರ್ ಮಾತ್ರೆಯನ್ನು ತಿಂಗಳು ತಿಂಗಳು ಮುಂದುವರಿಸಿ ಕೊಡುವುದು, ಹೊಸದೇನಾದರೂ ಕಂಡರೆ ಇ-ಸಂಜೀವನಿಯಲ್ಲಿ ಡಾಕ್ಟರಿಗೆ ವಿಡಿಯೊ ಕರೆ ಹಾಕಿ ಸಲಹೆ ಪಡೆಯುವುದು, ಗಾಯ ತೊಳೆದು ಕಟ್ಟುವುದು, ಸಮಯಕ್ಕೆ ಮೇಲಿನ ಆಸ್ಪತ್ರೆಗೆ ಕಳಿಸುವುದು. ಕಾಳಿ ನದಿಯ ಹಿನ್ನೀರಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಕ್ಕರೆ ವಿಡಿಯೊ ಕರೆ, ಸಿಗದಿದ್ದರೆ ಗುಡ್ಡ ಹತ್ತಿ ಫೋನು.

ನರ್ಸ್ ಪ್ರಾಕ್ಟಿಷನರ್ ಎಂಬ ಹೆಸರಿನ ಕೋರ್ಸೇ ನಮ್ಮಲ್ಲಿಲ್ಲ ಎಂದಲ್ಲ. ತೀವ್ರ ನಿಗಾ ಘಟಕಕ್ಕೆಂದು ಎರಡು ವರ್ಷದ ಸ್ನಾತಕೋತ್ತರ ತರಬೇತಿ ಇದೆ, ಹೆರಿಗೆಗೆಂದು 18 ತಿಂಗಳ ತರಬೇತಿ ಇದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯೂ ಅವರ ಹೆಸರೆತ್ತಿದೆ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 32ನೇ ಕಲಮಿನಲ್ಲಿ 'ಸಮುದಾಯ ಆರೋಗ್ಯ ಸೇವಾದಾರ'ರಿಗೆ ಸೀಮಿತ ಪರವಾನಗಿ ಕೊಟ್ಟು, ಪ್ರಾಥಮಿಕ ಚಿಕಿತ್ಸಾ ಮಟ್ಟದಲ್ಲಿ ಕೆಲವು ಔಷಧಗಳನ್ನು ಸ್ವತಂತ್ರವಾಗಿ ಬರೆಯಲು ಬಿಡುವ ಮಾತೂ ಇದೆ. ಆಗ ವೈದ್ಯರ ಸಂಘ ಬೀದಿಗಿಳಿಯಿತು. ಕಪ್ಪುಪಟ್ಟಿ ಕಟ್ಟಿಕೊಂಡವರಲ್ಲಿ ನಾನೂ ಒಬ್ಬ. ಅರೆಬರೆ ಕಲಿತವರು ಆ್ಯಂಟಿಬಯೋಟಿಕ್ ಹಂಚಿಬಿಡುತ್ತಾರೆ ಎಂಬ ಹೆದರಿಕೆ ನನಗೆ ಈಗಲೂ ಪೂರ್ತಿ ಹೋಗಿಲ್ಲ. ಆದರೆ ಅಂಕೋಲಾದ ಆ ನೆಲದ ಮೇಲೆ ಕೂತ ಹುಡುಗಿಯನ್ನು ನೋಡಿದ ಮೇಲೆ ಆ ಪಟ್ಟಿ ಮತ್ತೆ ಕಟ್ಟಿಕೊಳ್ಳುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಇನ್ನು ಮಗಳ ಊರಿನ ಮಾತು. ಅವಳು ಹೇಳಿದ್ದು ಸರಿ, ಆದರೆ ಅರ್ಧ. ಕೆನಡಾದ ಆರೋಗ್ಯ ಕಾಯ್ದೆ 1984ರದ್ದು. ಅದರಲ್ಲಿ ವಿಮೆಗೆ ಒಳಪಟ್ಟ ಸೇವೆ ಎಂದರೆ ಮುಖ್ಯವಾಗಿ ಎರಡು: ಆಸ್ಪತ್ರೆ ಕೊಡುವ ಸೇವೆ ಮತ್ತು ವೈದ್ಯರು ಕೊಡುವ ಸೇವೆ. ಆಸ್ಪತ್ರೆಯೊಳಗಿನ ನರ್ಸಿಂಗ್ ಅಲ್ಲಿಯೂ ಮೊದಲಿನಿಂದ ಸೇರಿತ್ತು. ಆದರೆ ಆಸ್ಪತ್ರೆಯ ಹೊರಗೆ, ಕ್ಲಿನಿಕ್ಕಿನಲ್ಲಿ, ಡಾಕ್ಟರ್ ಮಾಡುವ ಕೆಲಸವನ್ನೇ ನರ್ಸ್ ಪ್ರಾಕ್ಟಿಷನರ್ ಮಾಡಿದರೆ ಅದು 'ವೈದ್ಯರ ಸೇವೆ' ಎಂಬ ಪದದಿಂದ ಜಾರಿಹೋಗುತ್ತಿತ್ತು. ಕುಟುಂಬ ವೈದ್ಯರ ಕೊರತೆ ಹೆಚ್ಚಿದಂತೆ ಈ ಸಂದಿಯಲ್ಲಿ ಖಾಸಗಿ ಕ್ಲಿನಿಕ್ಕುಗಳು ಹುಟ್ಟಿಕೊಂಡವು. ವೈದ್ಯರು ರೋಗಿಯಿಂದ ಹಣ ಕೇಳಿದರೆ ತಪ್ಪು, ನರ್ಸ್ ಪ್ರಾಕ್ಟಿಷನರ್ ಕೇಳಿದರೆ ಕಾನೂನಿನಲ್ಲಿ ಉತ್ತರವಿಲ್ಲ. ಇದನ್ನು ಮುಚ್ಚಲು ಆಗಿನ ಆರೋಗ್ಯ ಮಂತ್ರಿ ಮಾರ್ಕ್ ಹಾಲೆಂಡ್ 2025ರ ಜನವರಿ 10ರಂದು ಪ್ರಾಂತಗಳಿಗೆ ಒಂದು ಪತ್ರ ಬರೆದರು. ವೈದ್ಯರು ಕೊಟ್ಟರೆ ವಿಮೆಗೆ ಸೇರುವ ಅಗತ್ಯ ಸೇವೆಯನ್ನು ನರ್ಸ್ ಪ್ರಾಕ್ಟಿಷನರ್ ಕೊಟ್ಟರೂ ವಿಮೆಗೆ ಸೇರಿದ್ದೆಂದೇ ಎಣಿಸಬೇಕು, 2026ರ ಏಪ್ರಿಲ್ 1ರಿಂದ ಅನ್ವಯ. ಅದರ ಮೇಲೂ ರೋಗಿಯಿಂದ ಹಣ ತೆಗೆದುಕೊಳ್ಳಲು ಬಿಟ್ಟ ಪ್ರಾಂತಕ್ಕೆ ಕೇಂದ್ರ ಕೊಡುವ ಅನುದಾನದಲ್ಲಿ ಅಷ್ಟನ್ನು ಕಡಿತ ಮಾಡಬಹುದು.

ಗಮನಿಸಿ, ಕಾಯ್ದೆಯ ಪದ ಬದಲಾಗಲಿಲ್ಲ, ಅದರ ವ್ಯಾಖ್ಯಾನ ಬದಲಾಯಿತು. ಪ್ರತಿ ನರ್ಸೂ ಇನ್ನು ಬಿಲ್ ಕಳಿಸಬಹುದು ಎಂದೂ ಪತ್ರ ಹೇಳುವುದಿಲ್ಲ. ಸಂಬಳ ಕೊಡುವುದೋ, ಕ್ಲಿನಿಕ್ಕಿಗೆ ಒಟ್ಟು ಹಣ ಕೊಡುವುದೋ, ತಲೆಲೆಕ್ಕದಲ್ಲಿ ಕೊಡುವುದೋ ಪ್ರಾಂತಕ್ಕೆ ಬಿಟ್ಟದ್ದು. ಒಂಟಾರಿಯೊದಲ್ಲಿ 2007ರಲ್ಲೇ ಸಡ್ಬರಿ ಎಂಬ ಊರಿನಲ್ಲಿ ನರ್ಸ್ ಪ್ರಾಕ್ಟಿಷನರುಗಳೇ ನಡೆಸುವ, ಸರಕಾರ ಸಂಬಳ ಕೊಡುವ ಕ್ಲಿನಿಕ್ ಶುರುವಾಗಿತ್ತು. ನಿಮ್ಮ ಮಗಳು ಹೋಗುವುದು ಅಂಥ ಕಡೆಗಾದರೆ ಅವಳಿಗೆ ಮೊದಲೂ ಖರ್ಚಿರಲಿಲ್ಲ, ಈಗಲೂ ಇಲ್ಲ.

ಅಮೆರಿಕದವರದ್ದು ಇನ್ನೊಂದು ದಾರಿ. ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ 1965ರಲ್ಲಿ ಅಲ್ಲಿನ ಕೊಲರಾಡೊದಲ್ಲೇ ಆರಂಭವಾದದ್ದು. ವೃದ್ಧರ ಸರಕಾರಿ ವಿಮೆಯಾದ ಮೆಡಿಕೇರ್ 1998ರಿಂದ ಊರು, ಪಟ್ಟಣ ಎಂಬ ಭೇದವಿಲ್ಲದೆ ಅವರಿಗೆ ನೇರವಾಗಿ ಹಣ ಕೊಡುತ್ತದೆ, ವೈದ್ಯರ ದರದ ಶೇ. 85ರಷ್ಟು. ಅದೇ ಕೆಲಸಕ್ಕೆ ಶೇ. 15 ಕಡಿಮೆ ಯಾಕೆ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ನಮ್ಮಲ್ಲಿ ಯಾಕಿಲ್ಲ ಎಂದು ಕೇಳಿದಿರಿ. ಅಲ್ಲಿ ಪ್ರಾಥಮಿಕ ಚಿಕಿತ್ಸೆಯೇ ವಿಮೆಯ ಹೊಟ್ಟೆಯೊಳಗಿದೆ. ನಮ್ಮಲ್ಲಿ ವಿಮೆ ಆಸ್ಪತ್ರೆಗೆ, ಪ್ರಾಥಮಿಕ ಚಿಕಿತ್ಸೆ ತೆರಿಗೆಯ ದುಡ್ಡಿನ ಸಂಬಳಕ್ಕೆ. ಸಿಎಚ್‌ಒ ಸಂಬಳ ರಾಷ್ಟ್ರೀಯ ಆರೋಗ್ಯ ಅಭಿಯಾನದಿಂದ ಬರುತ್ತದೆ, ಕೇಂದ್ರ 60 ರಾಜ್ಯ 40. ಹಾಗಾಗಿ ಅವರ ಕೈಯ ಡ್ರೆಸ್ಸಿಂಗಿಗೆ ಬಿಲ್ಲೇ ಹುಟ್ಟುವುದಿಲ್ಲ, ಕಾರ್ಡೂ ಬೇಡ. ಬಿಪಿಎಲ್ಲೋ ಎಪಿಎಲ್ಲೋ ಎಂದು ಅಲ್ಲಿ ಕೇಳುವಂತಿಲ್ಲ. ಈ ಏರ್ಪಾಡು ಕೆಟ್ಟದ್ದೆಂದು ನನಗೆ ಅನ್ನಿಸುವುದಿಲ್ಲ. ಬಿಲ್ ಕಳಿಸುವ ವ್ಯವಸ್ಥೆ ಬಂದರೆ ಬೇಡದ ಡ್ರೆಸ್ಸಿಂಗಿಗೂ ಬಿಲ್ ಬರುತ್ತದೆ, ಅದನ್ನು ನಾವು ಆಸ್ಪತ್ರೆಗಳಲ್ಲಿ ಕಂಡಿದ್ದೇವೆ. ತಪ್ಪಿರುವುದು ಕಾರ್ಡು, ಉಪಕೇಂದ್ರ ಎಂಬ ಆ ಎರಡು ಕಾಲುಗಳ ನಡುವೆ. ಆಸ್ಪತ್ರೆ ಬಿಡುಗಡೆ ಮಾಡುವಾಗ 'ಇಂಥ ಊರಿನ ಉಪಕೇಂದ್ರಕ್ಕೆ ಇವರನ್ನು ಒಪ್ಪಿಸಿದ್ದೇವೆ' ಎಂಬ ಒಂದು ಸಾಲು ಡಿಸ್ಚಾರ್ಜ್ ಸಮರಿಯಲ್ಲಿರಬೇಕಿತ್ತು. ಹಾಸಿಗೆ ಬಿಟ್ಟು ಏಳಲಾಗದವರಿಗೆ, ಲಕ್ವ ಹೊಡೆದವರಿಗೆ, ಮನೆಗೇ ಹೋಗಿ ಮಾಡುವ ಆರೈಕೆಗೆ ಪ್ಯಾಕೇಜಿನ ದುಡ್ಡಿನಲ್ಲೇ ಒಂದು ಪಾಲು ಇಡಬಹುದಿತ್ತು. ಒಂದು ಸಲ ಕಾಲು ಕತ್ತರಿಸುವ ದರದಲ್ಲಿ ಎಷ್ಟು ಡ್ರೆಸ್ಸಿಂಗ್ ಆಗುತ್ತದೆ ಎಂದು ಯಾರಾದರೂ ಲೆಕ್ಕ ಹಾಕಲಿ.

ಸೊಸೈಟಿಯಲ್ಲಿ ಸದಸ್ಯತ್ವ ಇದ್ದು ಯಶಸ್ವಿನಿ ವಿಮೆ ಮಾಡಿಸಿದ್ದರೆ ಅದೂ ಆಸ್ಪತ್ರೆಯ ಆಪರೇಷನ್ನಿಗೇ ಹೊರತು ಮನೆಯ ಡ್ರೆಸ್ಸಿಂಗಿಗಲ್ಲ. ಕಾರವಾರದ ಕಡೆಯ ಕೆಲವರು ಗೋವಾದ ಬಾಂಬೋಲಿಯ ಸರಕಾರಿ ಆಸ್ಪತ್ರೆ ಹತ್ತಿರ ಎಂದು ಹೋಗುತ್ತಾರೆ. ಗೋವಾ ಸರಕಾರದ ವಿಮೆ ಗೋವಾದ ನಿವಾಸಿಗಳಿಗೆ, ನಮಗಲ್ಲ.

ಮಗಳ ಮನೆಗೆ ಹೋಗುವ ಯೋಚನೆ ಇದ್ದರೆ ಒಂದು ಎಚ್ಚರಿಕೆ. ಒಂಟಾರಿಯೊದ ಸರಕಾರಿ ವಿಮೆ ಅಲ್ಲಿ ನೆಲೆಸಿದವರಿಗೆ. ಭೇಟಿಗೆ ಬಂದ ಅಪ್ಪ ಅಮ್ಮನಿಗೆ ಸಿಗುವುದಿಲ್ಲ, ನೋಡುವುದು ಡಾಕ್ಟರಾಗಲಿ ನರ್ಸ್ ಪ್ರಾಕ್ಟಿಷನರ್ ಆಗಲಿ. ಅಪ್ಪ ಅಮ್ಮ ಹೆಚ್ಚು ಕಾಲ ಉಳಿಯಲೆಂದು ಕೊಡುವ ಸೂಪರ್ ವೀಸಾದಲ್ಲಿ ಹೋಗುವುದಾದರೆ ಕನಿಷ್ಠ 1,00,000 ಕೆನಡಾ ಡಾಲರಿನ, ಒಂದು ವರ್ಷದ ಖಾಸಗಿ ಆರೋಗ್ಯ ವಿಮೆ ಮಾಡಿಸಲೇಬೇಕು. ಅದರಲ್ಲಿ ಮೊದಲೇ ಇರುವ ಕಾಯಿಲೆಯ ಷರತ್ತು ಎಲ್ಲಿದೆ ಎಂದು ಹುಡುಕಿ ಓದಿ. ಇತ್ತೀಚೆಗೆ ಬೆರಳು ತೆಗೆದ ಶುಗರ್ ರೋಗಿಗೆ ಆ ಒಂದು ಷರತ್ತೇ ಮುಖ್ಯ, ಉಳಿದದ್ದೆಲ್ಲ ಚಂದದ ಕಾಗದ.

ಈಗ ನೀವು ಮಾಡಬೇಕಾದದ್ದು. ಡಿಸ್ಚಾರ್ಜ್ ಸಮರಿಯ ಎರಡು ಜೆರಾಕ್ಸ್ ಮಾಡಿಸಿ. ಒಂದನ್ನು ಆರೋಗ್ಯಮಿತ್ರರ ಕೆಲಸಕ್ಕೆ ಇಟ್ಟುಕೊಳ್ಳಿ. ಇನ್ನೊಂದನ್ನು ನಿಮ್ಮ ಉಪಕೇಂದ್ರದ ಸಿಸ್ಟರ್ ಕೈಗೆ ಕೊಟ್ಟು, ಮನೆಯವರ ಹೆಸರು ಅವರ ಶುಗರ್ ರೋಗಿಗಳ ಪಟ್ಟಿಯಲ್ಲಿ ಇದೆಯೇ ಕೇಳಿ. ಉಪಕೇಂದ್ರ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಊರಿನ ಆಶಾ ಅಕ್ಕನಿಗೆ ಗೊತ್ತಿರುತ್ತದೆ. ಗಾಯ ಪೂರ್ತಿ ಮಾಯದಿದ್ದರೆ ಮುಂದಿನ ಡ್ರೆಸ್ಸಿಂಗ್ ಅಲ್ಲೇ ಮಾಡಿಸಿ. ಗಾಯ ಕಪ್ಪಾಗುವುದು, ವಾಸನೆ ಬರುವುದು, ಜ್ವರ ಇವುಗಳಲ್ಲಿ ಯಾವುದು ಕಂಡರೂ ಉಪಕೇಂದ್ರಕ್ಕೆ ಕಾಯದೆ ತಾಲೂಕು ಆಸ್ಪತ್ರೆಗೆ ಹೋಗಿ, ಅಲ್ಲಿಂದಲೇ ರೆಫರಲ್ ಬರೆಸಿಕೊಂಡರೆ ಮುಂದೆ ಖಾಸಗಿ ಆಸ್ಪತ್ರೆಯಲ್ಲಿ ಕಾರ್ಡಿಗೆ ತಕರಾರು ಬರುವುದಿಲ್ಲ. ಜೀವಕ್ಕೆ ಅಪಾಯವಿರುವ ತುರ್ತು ಪಟ್ಟಿಯ ಚಿಕಿತ್ಸೆಗೆ ಮಾತ್ರ ರೆಫರಲ್ ಬೇಡ.

ಇವತ್ತು ಸಂಜೆ ಮನೆಯವರನ್ನು ಮಂಚದ ಮೇಲೆ ಕೂರಿಸಿ ಎಡಗಾಲಿನ ಮೂರು ಬೆರಳು ಮುಟ್ಟಿ ನೋಡಿ, ಕಣ್ಣು ಮುಚ್ಚಿಸಿ. ಆಪರೇಷನ್ ಆದ ಬಲಗಾಲನ್ನು ಎಲ್ಲರೂ ನೋಡುತ್ತಾರೆ. ಮುಂದಿನ ಹುಣ್ಣು ಯಾರೂ ನೋಡದ ಇನ್ನೊಂದು ಕಾಲಿನಲ್ಲೂ ಏಳಬಹುದು.